ನೂರ ಅರವತ್ತೆಂಟು ಹಲ್ಲು

ರೂನಾರ್ ಹಳೆಯ ತಟ್ಟೆಯನ್ನು ಪೇಪರಿನಲ್ಲಿ ಸುತ್ತಿ ತಂದ,
ಮೀನು ತಂದವನ ಹಾಗೆ.
ಲುಡ್ವಿಕದಲ್ಲಿ ಅವತ್ತು ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಬಾಗಿಲು ತೆರೆದಿದ್ದಷ್ಟು ಹೊತ್ತೂ
ಲೇತಿನ ಎಣ್ಣೆ ಜೇನಿನಂತೆ ತಡವರಿಸಿತು.

"ಇದನ್ನೇ ಹಾಕಿಬಿಡು, ಸಿಗ್‌ಬ್ರಿಟ್.
ಹಲ್ಲು ಒಂದೂ ಉದುರಿಲ್ಲ."
ಹಲ್ಲು ನೋಡಿ ಕುದುರೆ ಕೊಳ್ಳುವ ಕಾಲ ಹೋಯಿತು, ಅಂದೆ.

ಸ್ಟ್ಯಾಂಡಿನ ಮೇಲೆ ಅವನ ಎಂಜಿನ್ನು,
ಎಪ್ಪತ್ತರ ಶೆವೆಲ್ ಕಾರಿನದು,
ಮೂರು ತಿಂಗಳು ನನ್ನ ಕೈಯಲ್ಲಿ ಬತ್ತಲೆ ಮಲಗಿ ಎದ್ದದ್ದು.
ಹೊಸ ಕ್ರ್ಯಾಂಕು, ಹೊಸ ಪಿಸ್ಟನ್ನು,
ಲಾಯದಲ್ಲಿ ಆರುನೂರ ಐವತ್ತು ಕುದುರೆ.
ಅವಕ್ಕೂ ಚಕ್ರಕ್ಕೂ ನಡುವೆ ಈ ಫ್ಲೆಕ್ಸ್‌ಪ್ಲೇಟು,
ಎರಡು ನಾಣ್ಯ ಜೋಡಿಸಿದಷ್ಟು ದಪ್ಪ.

ನೋಡು, ಅಂಚಿಗೆ ಬೆಸೆದ ಈ ಕಬ್ಬಿಣದ ತುಂಡು
ಹಳೆಯ ಕ್ರ್ಯಾಂಕಿನ ಕೊರತೆಯನ್ನು ಹೊರಗಿನಿಂದ ತೂಗುತ್ತಿತ್ತು.
ಹೊಸದನ್ನು ಗ್ರಾಮು ಗ್ರಾಮು ಕೊರೆದು
ಒಳಗೇ ತೂಗಿಸಿದ್ದೇನೆ.
ಸಾಲ ತೀರಿದ ಮೇಲೂ ಬಡ್ಡಿ ಕಟ್ಟುತ್ತೀಯಾ?
ಇದನ್ನು ಹಾಕಿದರೆ
ನಿನ್ನ ಕನ್ನಡಿಯಲ್ಲಿ ಇಡೀ ರಸ್ತೆ ನಡುಗುತ್ತದೆ.

ಆದರೂ ಅಭ್ಯಾಸಬಲ.
ಕೆಂಪು ದ್ರವ ಬಳಿದೆ, ಒರೆಸಿದೆ, ಬಿಳಿ ಪುಡಿ ಎರಚಿದೆ.
ಕಾದೆವು. ಏಲಕ್ಕಿ ಬನ್ನು ಅರ್ಧರ್ಧ ಮುರಿದುಕೊಂಡೆವು.
ಆರು ಬೋಲ್ಟಿನ ತೂತುಗಳ ಸುತ್ತ
ಮೆಲ್ಲಗೆ ಮೂಡಿತು ಕೆಂಪು ಕೂದಲೆಳೆ,
ತೂತಿನಿಂದ ತೂತಿಗೆ, ಮುಕ್ಕಾಲು ಸುತ್ತು.

ನನ್ನ ಬಾಯಿ ಕಟ್ಟಿತು.

ಹೋದ ಅಕ್ಟೋಬರಿನಲ್ಲಿ ಬಂದು ಹೇಳಿದ್ದ:
ಟಕ್, ಟಕ್, ಅಡಿಯಲ್ಲಿ, ಆಳದಲ್ಲಿ.
ಬೇರಿಂಗು ಹೋಯಿತು, ಬಿಚ್ಚು.
ಬಿಚ್ಚಿದೆ. ಬೇರಿಂಗು ಚೆನ್ನಾಗಿಯೇ ಇತ್ತು.
ಇಷ್ಟು ಬಿಚ್ಚಿದ ಮೇಲೆ ಹೇಗೂ, ಅಂದ.
ಹೇಗೂ, ಅಂದೆ ನಾನೂ.
ಆ ಒಂದು 'ಹೇಗೂ' ತೊಂಬತ್ತು ಸಾವಿರ ಕ್ರೋನ ತಿಂದಿತು.
ತಟ್ಟೆಯನ್ನು ಅವನು ತಂದಿರಲಿಲ್ಲ.
ನಾನು ಕೇಳಿರಲಿಲ್ಲ.

ಬಿರುಕು ಬಿಟ್ಟ ತಟ್ಟೆಯ ಸದ್ದೂ ಹಾಗೇ,
ಬೇರಿಂಗಿನ ದನಿ ಕದ್ದು ಮಾತಾಡುತ್ತದೆ.
ಮೂವತ್ತೊಂದು ವರ್ಷದಿಂದ ನನಗೆ ಗೊತ್ತು.
ಹೇಳಲೋ ಬೇಡವೋ ಎಂದು
ಕೈ ಒರೆಸಿಕೊಂಡೆ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡೆ.
ಹೇಳಿದೆ.

ರೂನಾರ್ ಮೇಜಿಗೆ ಬಿದ್ದ ಸಕ್ಕರೆಯನ್ನು
ಬೆರಳಿನಿಂದ ಒತ್ತಿ ಒತ್ತಿ ನೆಕ್ಕಿದ.
ಎಷ್ಟೋ ಹೊತ್ತಾದ ಮೇಲೆ,
"ಹಾಗಾದರೆ ಅದನ್ನು ಸೀಳಿದ್ದು ಏನು?"

ಬ್ಲಾಕಿನ ಬೆನ್ನಿಗೆ ಟಾರ್ಚು ಹಿಡಿದೆ.
ಗೇರ್‌ಪೆಟ್ಟಿಗೆ ನೆಟ್ಟಗೆ ಕೂರಲು ಎರಡು ಗೂಟ ಬೇಕು.
ಒಂದೇ ಇತ್ತು. ಇನ್ನೊಂದರ ಕುಳಿಯಲ್ಲಿ ಹಳೆಯ ಗ್ರೀಸು.
ಯಾವ ಊರಲ್ಲೋ, ಯಾವ ಶನಿವಾರ ಸಂಜೆಯೋ,
ಊಟಕ್ಕೆ ಕರೆ ಬಂತೆಂದು ಯಾರೋ ಮರೆತದ್ದು.
ನಾನೂ ನೋಡದೇ ಹೋದದ್ದು.
ಅಷ್ಟು ಓರೆಯನ್ನು ಈ ತಟ್ಟೆ
ಸುತ್ತಿಗೊಮ್ಮೆ ಬಾಗಿ ಸರಿದೂಗಿಸುತ್ತಿತ್ತು,
ನಿಮಿಷಕ್ಕೆ ಐದು ಸಾವಿರ ಸಲ, ಎಷ್ಟೋ ಬೇಸಿಗೆ.
ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು.

"ಹಾಗಿದ್ದರೆ ಬಗ್ಗದೇ ಇರುವಂಥದ್ದನ್ನು ಕೊಡು."

ಅಂಥದ್ದಿಲ್ಲ, ರೂನಾರ್.
ಬಿಸಿಗೆ ಕನ್ವರ್ಟರ್ ಉಬ್ಬಿ ಮುಂದಕ್ಕೆ ಒತ್ತುತ್ತದೆ.
ಇದು ಬಗ್ಗದಿದ್ದರೆ ಆ ಒತ್ತು ನೇರ ಕ್ರ್ಯಾಂಕಿಗೆ.
ಎಷ್ಟು ಬಗ್ಗಬೇಕೆಂದು ತಿಳಿದದ್ದು ಬೇಕು,
ಪರೀಕ್ಷೆಯ ಮುದ್ರೆ ಬಿದ್ದದ್ದು, ಅಂಚಿಗೆ ಭಾರವಿಲ್ಲದ್ದು.
ಅಗ್ಗದ್ದು ಚೂರಾದರೆ
ಮೊದಲು ಹುಡುಕಿ ಬರುವುದು ನಿನ್ನ ಪಾದವನ್ನೇ.
ನೂರ ಐವತ್ತಮೂರು ಹಲ್ಲಿನದು ಬೇಡ,
ನಿನ್ನ ಸ್ಟಾರ್ಟರಿಗೆ ಅದು ಎಟುಕದು.

ಒಪ್ಪಿದ. ಹಳೆಯದನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು
ಬಾಗಿಲಲ್ಲಿ ನಿಂತು, ಟೋಪಿ ಎಳೆದುಕೊಳ್ಳುತ್ತ,
"ಪಾಪ, ಅದು ಬಾಗಿಲು ತಟ್ಟುತ್ತಲೇ ಇತ್ತು.
ನಾವು ಪಕ್ಕದ ಮನೆ ತೆರೆದೆವು" ಅಂದು ನಕ್ಕ.
ನನಗೆ ನಗು ಬರಲಿಲ್ಲ.

ಗೂಟಕ್ಕೆ ನಲವತ್ತು ಕ್ರೋನ. ಬಿಲ್ಲಿನಲ್ಲಿ ಬರೆಯಲಿಲ್ಲ.

ಎರಡು ವಾರಕ್ಕೆ ತಟ್ಟೆ ಬಂತು.
ಆರೂ ಬೋಲ್ಟು ಬಿಗಿದು, ಕೈಯಲ್ಲೇ ತಿರುಗಿಸುತ್ತ,
ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಹಲ್ಲು ಎಣಿಸಿದೆ.
ಒಂದು ಕಡಿಮೆ ಬಂತು.
ಮತ್ತೆ ಮೊದಲಿನಿಂದ ಎಣಿಸಿದೆ.